ಕಿರ್ದಿ ಮತ್ತು ಖತಾವಣಿ

ಶರಾವತಿ ಹಿನ್ನೀರಿನ ಹೊನ್ನೆಮರಡಿಗೆ ಈಗ ದೂರದೂರದಿಂದ ಹುಡುಗರು ಬರುತ್ತಾರೆ. ತೆಪ್ಪ ಹಾಕುತ್ತಾರೆ, ದೋಣಿ ನಡೆಸುತ್ತಾರೆ, ನಡುವಿನ ನಡುಗಡ್ಡೆಯಲ್ಲಿ ರಾತ್ರಿ ಕಳೆದು ಬೆಳಗಿನ ಮಂಜಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅವರಿಗೆ ಅದು ನೀರು. ನಮ್ಮ ಕಡೆಯ ಹಳಬರಿಗೆ ಅದು ನೀರಿನ ಕೆಳಗಿರುವ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ತೋಟ, ಗದ್ದೆ, ದೇವಸ್ಥಾನ, ದಾರಿ ಎಲ್ಲವೂ ಒಳಗೆ ಹೋದವು. ಅದಕ್ಕೂ ಹಿಂದೆ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೂ ಹೊಸ ಅಣೆಕಟ್ಟಿನ ಹೊಟ್ಟೆಯೊಳಗೇ ಸೇರಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ತಲೆ ಹೊರಗೆ ಹಾಕುತ್ತದೆ. ಜನ ಜಾತ್ರೆಗೆ ಹೋದಂತೆ ಹೋಗಿ ನೋಡಿ ಬರುತ್ತಾರೆ.

2009ರ ಬೇಸಿಗೆಯಲ್ಲಿ ನಾನು ಆ ದಂಡೆಯ ಮೇಲೆ ಒಬ್ಬ ಅಜ್ಜನ ಜೊತೆ ಕೂತು ಮೂರು ದಿನ ಮಾತಾಡಿಸಿದ್ದೆ. ಮುಳುಗಡೆಯ ಹೊತ್ತಿಗೆ ಅವರಿಗೆ ಮೂವತ್ತರ ಆಚೀಚೆ ವಯಸ್ಸು. ತಮ್ಮ ಊರಿನ ಗದ್ದೆಗಳ ಹೆಸರನ್ನು ಅವರು ಒಂದೊಂದಾಗಿ ಹೇಳಿದರು. ಕಂದಾಯ ಇಲಾಖೆಗೆ ಅವು ಬರೀ ಸರ್ವೆ ನಂಬರು. ಅಜ್ಜನಿಗೆ ಪ್ರತಿ ಕೋಗಿಗೂ ಒಂದು ಹೆಸರು, ಪ್ರತಿ ಹೆಸರಿಗೂ ಒಂದು ಕತೆ. ಬೆರಳು ನೀರಿನ ಕಡೆ ತೋರಿಸಿ, ‘ಅಲ್ಲಿ, ಆ ಬೆಳ್ಳಕ್ಕಿ ಕೂತಿದೆಯಲ್ಲ, ಅದರ ನೇರಕ್ಕೆ’ ಎನ್ನುತ್ತಿದ್ದರು. ಅಷ್ಟರಲ್ಲಿ ಬೆಳ್ಳಕ್ಕಿ ಹಾರಿಹೋಗಿರುತ್ತಿತ್ತು.

ಆ ಮಾತುಗಳನ್ನು ಮಳೆಗಾಲದಲ್ಲಿ ಕಂಪ್ಯೂಟರಿಗೆ ಹಾಕಲು ಕೂತೆ. ಅಳಿಯ ಬೆಂಗಳೂರಿನಿಂದ ತಂದುಕೊಟ್ಟ ಯಂತ್ರ. ಅದರಲ್ಲಿ ದುಡ್ಡು ಕೊಡದೆ ಬಳಸಬಹುದಾದ ಲಿನಕ್ಸ್ ಎಂಬ ವ್ಯವಸ್ಥೆ. ಆಷಾಢದ ಒಂದು ಸಂಜೆ ನಲವತ್ತೆರಡನೆಯ ಪುಟ ಮುಗಿಸಿ, ಉಳಿಸು ಎಂಬ ಗುಂಡಿ ಒತ್ತಿ, ಕಾಫಿಗೆಂದು ಎದ್ದೆ. ಲೋಟ ಕೈಗೆ ಬರುವ ಮೊದಲೇ ಕರೆಂಟು ಹೋಯಿತು. ಒಂದು ಸಾವಿರ ಮೆಗಾವ್ಯಾಟಿಗೂ ಮಿಕ್ಕಿ ವಿದ್ಯುತ್ ಹುಟ್ಟಿಸುವ ಶರಾವತಿಯ ಮಗ್ಗುಲಲ್ಲಿ ಮಲೆನಾಡಿನವರು ಲಾಟೀನು ಒರೆಸಿಡುವುದು ಹೊಸದೇನಲ್ಲ. ಮರುದಿನ ಮಧ್ಯಾಹ್ನ ಕರೆಂಟು ಬಂತು. ಕಂಪ್ಯೂಟರೂ ಸರಾಗವಾಗಿ ಎದ್ದಿತು. ಕಡತದ ಹೆಸರು ಇದ್ದಲ್ಲೇ ಇತ್ತು. ತೆರೆದರೆ ಒಳಗೆ ಏನೂ ಇಲ್ಲ. ಗಾತ್ರ ಸೊನ್ನೆ.

ಅಳಿಯನಿಗೆ ಫೋನು ಮಾಡಿದೆ. ‘ಮಾವ, ಕಡೆಯ ಪುಟ ಮಾತ್ರ ಹೋಯಿತಾ?’ ಎಂದ. ‘ಕಡೆಯ ಪುಟ ಹೋಗಿದ್ದರೆ ನಿನಗೆ ಫೋನು ಮಾಡುತ್ತಿದ್ದೆನೇನೋ ಮಾರಾಯ? ಪೂರಾ ಹೋಗಿದೆ. ನಿನ್ನೆಯದೂ ಇಲ್ಲ, ಮೊನ್ನೆಯದೂ ಇಲ್ಲ’ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಇದು ನಿಮ್ಮ ತಪ್ಪಲ್ಲ. ಈ ಹುಳುಕು ಲೋಕಕ್ಕೆಲ್ಲ ಗೊತ್ತಾಗಿದೆ’ ಎಂದ. ತಪ್ಪು ನನ್ನದಲ್ಲ ಎಂದು ತಿಳಿದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆದರೆ ಆವತ್ತಿನಿಂದ ನನಗೆ ಕಡತ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್, ಎಂಬುದರ ಬಗ್ಗೆ ಒಂದು ತರದ ಹಟ ಹುಟ್ಟಿತು. ನನ್ನ ನಲವತ್ತೆರಡು ಪುಟ ನುಂಗಿದ್ದು ಯಾವುದು ಎಂದು ನೋಡಿಯೇ ಬಿಡೋಣ ಎನ್ನಿಸಿತು.

ಕಂಪ್ಯೂಟರಿನ ಡಿಸ್ಕ್ ಎಂದರೆ ಹದ್ದುಬಸ್ತು ಮಾಡಿದ ದೊಡ್ಡ ಬಯಲು ಎಂದುಕೊಳ್ಳಿ. ಅದನ್ನು ಸಮನಾದ ಸಣ್ಣ ಸಣ್ಣ ತುಂಡು ಮಾಡಿರುತ್ತಾರೆ. ನಾವು ಬರೆದದ್ದೆಲ್ಲ ಹೋಗಿ ಕೂರುವುದು ಈ ತುಂಡುಗಳಲ್ಲಿ. ಯಾವ ತುಂಡು ಖಾಲಿ, ಯಾವುದು ಸಾಗುವಳಿಯಲ್ಲಿದೆ ಎಂದು ತೋರಿಸುವ ನಕ್ಷೆ ಒಂದಿರುತ್ತದೆ. ಪ್ರತಿ ಕಡತಕ್ಕೂ ಒಂದು ಪಹಣಿ ಇರುತ್ತದೆ. ಅದಕ್ಕೆ ಐನೋಡ್ ಎನ್ನುತ್ತಾರೆ. ಒಡೆಯ ಯಾರು, ವಿಸ್ತೀರ್ಣ ಎಷ್ಟು, ಯಾವ ಯಾವ ತುಂಡುಗಳು ಇದಕ್ಕೆ ಸೇರಿವೆ ಎಂಬುದು ಅದರಲ್ಲಿ. ತಮಾಷೆಯೆಂದರೆ ಈ ಪಹಣಿಯಲ್ಲಿ ಕಡತದ ಹೆಸರು ಇರುವುದಿಲ್ಲ, ನಂಬರು ಮಾತ್ರ. ಹೆಸರುಗಳ ಪಟ್ಟಿ ಬೇರೆ ಕಡೆ, ಫೋಲ್ಡರ್ ಎಂಬ ಇನ್ನೊಂದು ಪುಸ್ತಕದಲ್ಲಿ. ಇಂಥ ಹೆಸರಿಗೆ ಇಂಥ ನಂಬರು ಎಂದು ಅಲ್ಲಿ ಬರೆದಿರುತ್ತದೆ. ನಕ್ಷೆ, ಪಹಣಿ, ಹೆಸರಿನ ಪುಸ್ತಕ ಈ ಮೂರೂ ಒಂದಕ್ಕೊಂದು ತಾಳೆಯಾಗುವಂತೆ ಕಾಯುವುದೇ ಕಡತ ವ್ಯವಸ್ಥೆಯ ಕೆಲಸ.

ತಾಲ್ಲೂಕು ಕಚೇರಿ ಕಂಡವರಿಗೆ ಇಷ್ಟು ಹೇಳಿದರೆ ಸಾಕು, ಎಲ್ಲೆಲ್ಲಿ ಎಡವಟ್ಟಾಗಬಹುದು ಎಂದು ಅವರೇ ಹೇಳುತ್ತಾರೆ. ನಕ್ಷೆ ತಿದ್ದಿ ಪಹಣಿ ತಿದ್ದುವ ಮೊದಲು ಗುಮಾಸ್ತ ಊಟಕ್ಕೆ ಎದ್ದುಹೋದರೆ? ಒಂದೇ ಜಾಗಕ್ಕೆ ಇಬ್ಬರು ಒಡೆಯರಾದರೆ? ಕರೆಂಟು ಹೋಗುವುದು ಎಂದರೆ ಗುಮಾಸ್ತ ನಡುವೆ ಎದ್ದುಹೋದಂತೆಯೇ.

ಲಿನಕ್ಸಿನಲ್ಲಿ ಮೊದಲಿಗೆ ಇದ್ದದ್ದು ಮಿನಿಕ್ಸ್ ಎಂಬುದರಿಂದ ಎರವಲು ತಂದ ಕಡತ ವ್ಯವಸ್ಥೆ. ಅದರಲ್ಲಿ 64 ಮೆಗಾಬೈಟಿಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ, ಕಡತದ ಹೆಸರು 14 ಅಕ್ಷರ ದಾಟುವಂತಿರಲಿಲ್ಲ. ಫ್ರಾನ್ಸಿನ ರೆಮಿ ಕಾರ್ 1992ರಲ್ಲಿ ಅದರ ಬದಲಿಗೆ ಎಕ್ಸ್‌ಟೆಂಡೆಡ್ ಎಂಬ ಹೊಸದನ್ನು ಮಾಡಿದರು. 1993ರಲ್ಲಿ ಅದರ ಎರಡನೆಯ ಆವೃತ್ತಿ ಬಂತು; ಕೆಲಸಗಾರರ ಬಾಯಲ್ಲಿ ಎಕ್ಸ್ಟ್-2. ಬಹಳ ಗಟ್ಟಿಯಾದ ಕೆಲಸ. ಆದರೆ ಕರೆಂಟು ಹೋಗಿ ಬಂದರೆ ಇಡೀ ಡಿಸ್ಕನ್ನು ಮೂಲೆಯಿಂದ ಮೂಲೆಗೆ ಅಳೆದು ಲೆಕ್ಕ ತಾಳೆ ನೋಡಬೇಕಿತ್ತು. ಡಿಸ್ಕ್ ದೊಡ್ಡದಾದಷ್ಟೂ ಕಾಯುವ ಹೊತ್ತು ದೊಡ್ಡದು.

ಇದಕ್ಕೆ ಕಂಡುಕೊಂಡ ಉಪಾಯ ಸಾಗರದ ಅಡಿಕೆ ಮಂಡಿಯವರಿಗೆ ತಲೆಮಾರುಗಳಿಂದ ಗೊತ್ತಿದ್ದದ್ದು: ಕಿರ್ದಿ ಮತ್ತು ಖತಾವಣಿ. ಮಂಡಿಯಲ್ಲಿ ವ್ಯವಹಾರ ನಡೆದ ಕೂಡಲೇ ಅದನ್ನು ನೇರ ಖಾತೆ ಪುಸ್ತಕಕ್ಕೆ ಏರಿಸುವುದಿಲ್ಲ. ಮೊದಲು ದಿನದ ಕಿರ್ದಿಯಲ್ಲಿ ನಡೆದ ಕ್ರಮದಲ್ಲೇ ಬರೆಯುತ್ತಾರೆ. ಆಮೇಲೆ ಬಿಡುವಾದಾಗ ಅವರವರ ಖಾತೆಗೆ ಏರಿಸುತ್ತಾರೆ. ಖತಾವಣಿ ಬರೆಯುವಾಗ ನಡುವೆ ಎದ್ದುಹೋದರೂ ಕಿರ್ದಿ ನೋಡಿ ಮುಂದುವರಿಸಬಹುದು. ಸ್ಟೀಫನ್ ಟ್ವೀಡಿ ಎಂಬಾತ ಎಕ್ಸ್ಟ್-2ಕ್ಕೆ ಇಂಥದೇ ಒಂದು ಕಿರ್ದಿಯನ್ನು ಜೋಡಿಸಿದರು. ಜರ್ನಲ್ ಎಂದು ಅದರ ಹೆಸರು. 2001ರಲ್ಲಿ ಲಿನಕ್ಸಿನ ಒಳಗೆ ಸೇರಿದ ಅದೇ ಎಕ್ಸ್ಟ್-3. ಕರೆಂಟು ಹೋಗಿ ಬಂದರೆ ಕಿರ್ದಿಯ ಕಡೆಯ ಕೆಲವು ಸಾಲು ಓದಿಕೊಂಡರೆ ಸಾಕು, ಯಂತ್ರ ಎದ್ದು ನಿಲ್ಲುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ನಾನು ಮೋಸಹೋದದ್ದು ಅಲ್ಲೇ. ಸಾಮಾನ್ಯವಾಗಿ ಕಿರ್ದಿಯಲ್ಲಿ ಬರೆಯುವುದು ವ್ಯವಸ್ಥೆಯ ಲೆಕ್ಕವನ್ನು ಮಾತ್ರ. ಹೆಸರು, ಗಾತ್ರ, ಯಾವ ತುಂಡು ಯಾರದು ಎಂಬುದನ್ನು. ನಾವು ಬರೆದ ವಿಷಯ ಅದರಲ್ಲಿ ಇರುವುದಿಲ್ಲ. ಕಿರ್ದಿ ಕಾಯುವುದು ಮಂಡಿಯ ಲೆಕ್ಕವನ್ನು, ಗೋಣಿಯೊಳಗಿನ ಅಡಿಕೆಯನ್ನಲ್ಲ.

ಎಕ್ಸ್ಟ್-3ರಲ್ಲಿ ಒಂದು ಶಿಸ್ತಿತ್ತು. ಮೊದಲು ಅಡಿಕೆ ಉಗ್ರಾಣಕ್ಕೆ ಹೋಗಬೇಕು, ಆಮೇಲೆ ಕಿರ್ದಿಯಲ್ಲಿ ನಮೂದು. ಐದು ಸೆಕೆಂಡಿಗೊಮ್ಮೆ ಇದು ನಡೆಯುತ್ತಿತ್ತು. 2008ರ ಡಿಸೆಂಬರಿನಲ್ಲಿ, ಲಿನಕ್ಸಿನ 2.6.28ನೆಯ ಆವೃತ್ತಿಯೊಡನೆ, ಬಳಕೆಗೆ ಸಿದ್ಧವೆಂದು ಬಂದ ಎಕ್ಸ್ಟ್-4 ಇನ್ನೊಂದು ಜಾಣತನ ಕಲಿತಿತ್ತು. ಬಂದ ಬಂದ ಮೂಟೆಗೆ ಆಗಿಂದಾಗ ಜಾಗ ತೋರಿಸಿದರೆ ಒಬ್ಬರ ಮಾಲು ನಾಲ್ಕು ಮೂಲೆಯಲ್ಲಿ ಚೆದುರುತ್ತದೆ. ಅದರ ಬದಲು ಮೂಟೆಗಳನ್ನು ಜಗಲಿಯ ಮೇಲೇ ಇಟ್ಟುಕೊಂಡು, ಒಟ್ಟು ಎಷ್ಟು ಎಂದು ಗೊತ್ತಾದ ಮೇಲೆ ಒಂದೇ ಕಡೆ ಸಾಲಾಗಿ ಪೇರಿಸುವುದು. ಜಾಗ ಹಂಚುವುದನ್ನು ತಡಮಾಡುವ ಈ ಕ್ರಮದಿಂದ ವೇಗ ಹೆಚ್ಚಿತು, ಚೆದುರುವುದು ಕಡಿಮೆಯಾಯಿತು. ಆದರೆ ಜಗಲಿ ಎಂದರೆ ಕಂಪ್ಯೂಟರಿನ ನೆನಪು. ಕರೆಂಟು ಹೋದರೆ ಅದೂ ಹೋಯಿತು. ಮೂಟೆ ಅಲ್ಲಿ ಅರ್ಧ ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಕೂರುತ್ತಿತ್ತು.

ನಾನು ಉಳಿಸು ಎಂದು ಒತ್ತಿದಾಗ ಬರವಣಿಗೆಯ ತಂತ್ರಾಂಶ ಹಳೆಯ ಕಡತವನ್ನು ಬರಿದು ಮಾಡಿ, ನಲವತ್ತೆರಡು ಪುಟವನ್ನೂ ಹೊಸದಾಗಿ ಬರೆದಿತ್ತು. ಬರಿದಾದ ಸಂಗತಿ ಕಿರ್ದಿಗೆ ಐದು ಸೆಕೆಂಡಿನಲ್ಲಿ ಏರಿತು. ಹೊಸ ಪುಟಗಳು ಇನ್ನೂ ಜಗಲಿಯ ಮೇಲೆ. ಆಗ ಕರೆಂಟು ಹೋಯಿತು. ಯಂತ್ರ ಎದ್ದ ಮೇಲೆ ಕಿರ್ದಿಯನ್ನು ಅತ್ಯಂತ ಪ್ರಾಮಾಣಿಕವಾಗಿ ಓದಿ, ಬರೆದಂತೆಯೇ ನಡೆದುಕೊಂಡಿತು: ಕಡತದ ಹೆಸರು ಇದೆ, ಗಾತ್ರ ಸೊನ್ನೆ. ಲೆಕ್ಕ ಪಕ್ಕಾ. ಮಾಲು ಇಲ್ಲ.

ಆ ವರ್ಷದ ಮೊದಲ ತಿಂಗಳುಗಳಲ್ಲಿ ಈ ಕುರಿತು ದೊಡ್ಡ ಜಗಳವೇ ನಡೆದಿತ್ತಂತೆ. ಎಕ್ಸ್ಟ್-4ರ ಹೊಣೆ ಹೊತ್ತಿದ್ದ ಅಮೆರಿಕದ ಥಿಯೋಡರ್ ತ್ಸೋ ಅವರ ವಾದ ಹೀಗೆ: ಡಿಸ್ಕಿಗೆ ಮುಟ್ಟಿಸು ಎಂದು ಸ್ಪಷ್ಟವಾಗಿ ಕೇಳುವ ಒಂದು ಆಜ್ಞೆ ಮೊದಲಿನಿಂದಲೂ ಇದೆ, ಬರವಣಿಗೆಯ ತಂತ್ರಾಂಶ ಅದನ್ನು ಬಳಸಬೇಕಿತ್ತು, ಬಳಸದೇ ಇದ್ದರೆ ಕಡತ ವ್ಯವಸ್ಥೆ ಯಾವ ಮಾತನ್ನೂ ಕೊಟ್ಟಿಲ್ಲ. ಎದುರು ಪಕ್ಷದವರು, ನಿಯಮ ಏನೇ ಇರಲಿ, ನಿನ್ನೆಯ ತನಕ ಉಳಿಯುತ್ತಿದ್ದದ್ದು ಇವತ್ತು ಅಳಿಯುತ್ತಿದೆಯಲ್ಲ ಎಂದರು. ನನ್ನಂಥವನಿಗೆ ಎರಡೂ ಸರಿ ಎನ್ನಿಸುತ್ತದೆ, ಎರಡರಿಂದಲೂ ಪುಟ ವಾಪಸು ಬರುವುದಿಲ್ಲ.

ಮೆಚ್ಚಬೇಕಾದ ಸಂಗತಿ ಎಂದರೆ ತನ್ನ ವಾದ ಬಿಟ್ಟುಕೊಡದೆಯೂ ತ್ಸೋ ಮದ್ದು ಬರೆದರು. ಹಳೆಯ ಕಡತವನ್ನು ಬರಿದು ಮಾಡಿ ಅದರಲ್ಲೇ ಬರೆದು ಮುಚ್ಚಿದರೆ, ಅಥವಾ ಹೊಸದನ್ನು ಬರೆದು ಹಳೆಯದರ ಹೆಸರಿಟ್ಟರೆ, ಆ ಎರಡು ಸಂದರ್ಭಗಳಲ್ಲಿ ಮೂಟೆಯನ್ನು ಜಗಲಿಯ ಮೇಲೆ ಇಡದೆ ಕೂಡಲೇ ಉಗ್ರಾಣಕ್ಕೆ ಸಾಗಿಸು ಎಂಬ ತಿದ್ದುಪಡಿ. 2009ರ ಜೂನಿನಲ್ಲಿ ಹೊರಬಂದ 2.6.30ನೆಯ ಆವೃತ್ತಿಯಲ್ಲಿ ಅದು ಸೇರಿತು. ನನ್ನ ಯಂತ್ರದಲ್ಲಿ ಇದ್ದದ್ದು ಅದಕ್ಕಿಂತ ಹಳೆಯದು. ಮದ್ದು ಹುಟ್ಟಿತ್ತು, ನನ್ನ ಮನೆಗೆ ಇನ್ನೂ ಬಂದಿರಲಿಲ್ಲ.

ಈ ಕೆಲಸ ಮಾಡುವವರು ಯಾರು ಎಂದು ಅಳಿಯನನ್ನು ಕೇಳಿದ್ದೆ. ಎಲ್ಲೋ ಅಮೆರಿಕದವರು ಇರಬೇಕು ಎಂದುಕೊಂಡಿದ್ದೆ. ‘ನಾನಿರುವ ಊರಿನಲ್ಲೇ ಇದ್ದಾರಲ್ಲ ಮಾವ’ ಎಂದ. ನಿಜ. ಎಕ್ಸ್ಟ್-4 ರೂಪುಗೊಳ್ಳುತ್ತಿದ್ದಾಗ ಐಬಿಎಂ ಕಂಪನಿಯ ಲಿನಕ್ಸ್ ಕೇಂದ್ರದಲ್ಲಿ, ಅದರ ಬೆಂಗಳೂರಿನ ಶಾಖೆಯೂ ಸೇರಿದಂತೆ, ಅದರ ಮೇಲೆ ಬಹಳ ದುಡಿದವರಿದ್ದಾರೆ. 2007ರಲ್ಲಿ ಎಕ್ಸ್ಟ್-4ರ ಸ್ಥಿತಿಗತಿಯ ಬಗ್ಗೆ ಕೆನಡಾದ ಒಟ್ಟಾವಾ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧದ ಲೇಖಕರಲ್ಲಿ ಸುಪರ್ಣಾ ಭಟ್ಟಾಚಾರ್ಯ ಒಬ್ಬರು. ಮರುವರ್ಷ, ಜಾಗ ಹಂಚುವ ಕ್ರಮದ ಸುಧಾರಣೆಗಳ ಪ್ರಬಂಧದಲ್ಲಿ ಅನೀಶ್ ಕುಮಾರ್ ಅವರ ಹೆಸರಿದೆ. ಬರೆಯುವ ಮೊದಲೇ ಇಷ್ಟು ಜಾಗ ನನಗಿರಲಿ ಎಂದು ಕೇಳುವ ಒಂದು ಸೌಲಭ್ಯ ಲಿನಕ್ಸಿಗೆ 2007ರಲ್ಲಿ ಬಂತು. ಮದುವೆಮನೆ ಪಂಕ್ತಿಯಲ್ಲಿ ಮುಂಚೆಯೇ ಎಲೆ ಹಾಕಿ ಜಾಗ ಹಿಡಿದಂತೆ. ಅದನ್ನು ಬರೆದವರು ಅದೇ ಕಂಪನಿಯ ಅಮಿತ್ ಅರೋರಾ. ಈಚಿನ ವರ್ಷಗಳಲ್ಲಿ ರಿತೇಶ್ ಹರ್ಜಾನಿ, ಓಜಸ್ವಿನ್ ಮುಜೂ ಮೊದಲಾದವರು ಅದೇ ಜಾಗ ಹಂಚುವ ಭಾಗವನ್ನು ತಿದ್ದಿದ್ದಾರೆ. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಕಡತ ವ್ಯವಸ್ಥೆಯ ಹೊಸ ತಿದ್ದುಪಡಿಗಳನ್ನು ಒಟ್ಟುಗೂಡಿಸಿ ಕಳಿಸುವ ಹೊಣೆ 2023ರಲ್ಲಿ ಬಂದದ್ದು ಚಂದನ್ ಬಾಬು ಅವರ ಹೆಗಲಿಗೆ. ಇವರ ಹೆಸರು ಪತ್ರಿಕೆಗಳಲ್ಲಿ ಬರುವುದಿಲ್ಲ. ನಮ್ಮಲ್ಲಿ ಅನೇಕರ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿ, ಲೋಕದ ಲೆಕ್ಕವಿಲ್ಲದಷ್ಟು ದೊಡ್ಡ ಯಂತ್ರಗಳಲ್ಲಿ ಇವರ ಕೈಬರಹ ಇದೆ.

ಇವರು ಬರೆದದ್ದನ್ನು ಯಾರು ಬೇಕಾದರೂ ಓದಬಹುದು. ಮುಕ್ತ ತಂತ್ರಾಂಶ ಎಂದರೆ ಅದೇ. ಹುಳುಕು ಕಂಡವರು ಅದನ್ನು ಹೇಳಬೇಕು. ಬರೀ ಹೇಳಿದರೆ ಸಾಲದು, ಮತ್ತೊಮ್ಮೆ ಅದೇ ಹುಳುಕು ಹೇಗೆ ಹೊರಬೀಳುತ್ತದೆ ಎಂದು ತೋರಿಸಬೇಕು. ತಿದ್ದುಪಡಿ ಬರೆದವರು ಅದರ ಕೆಳಗೆ ತಮ್ಮ ಹೆಸರು ಹಾಕಿ ಜವಾಬ್ದಾರಿ ಒಪ್ಪಿಕೊಳ್ಳಬೇಕು. ಬೇರೆಯವರು ಸಾಲು ಸಾಲಾಗಿ ಓದಿ ತಪ್ಪು ಹಿಡಿಯುತ್ತಾರೆ. ಆಮೇಲೆ ನೂರಾರು ಸಣ್ಣ ಪರೀಕ್ಷೆಗಳ ಒಂದು ಕಂತೆಯನ್ನು ಅದರ ಮೇಲೆ ಓಡಿಸುತ್ತಾರೆ. ಹಳೆಯ ಒಂದೊಂದು ಹುಳುಕೂ ಮತ್ತೆ ತಲೆ ಎತ್ತದಂತೆ ಕಾಯುವ ಪರೀಕ್ಷೆಗಳು ಅವು.

ಎಲ್ಲಕ್ಕಿಂತ ಕಷ್ಟ ರೋಗ ಪತ್ತೆ. 2012ರ ಅಕ್ಟೋಬರಿನಲ್ಲಿ ಎಕ್ಸ್ಟ್-4 ಕಡತಗಳನ್ನು ಹಾಳು ಮಾಡುತ್ತಿದೆ ಎಂಬ ಸುದ್ದಿ ಹಬ್ಬಿ ಜನ ಗಾಬರಿಯಾದರು. ಮೊದಲಿಗೆ ಬೇಗ ಬೇಗ ಎರಡು ಸಲ ಯಂತ್ರ ಆರಿಸಿ ಹಚ್ಚಿದರೆ ಹೀಗಾಗುತ್ತದೆ ಎಂದುಕೊಂಡರು. ಕಡೆಗೆ ನೋಡಿದರೆ, ಸಾಮಾನ್ಯ ಬಳಕೆದಾರರು ಮುಟ್ಟದ, ವೇಗಕ್ಕಾಗಿ ರಕ್ಷಣೆಯನ್ನು ಕಳಚಿಡುವ ಕೆಲವು ಆಯ್ಕೆಗಳನ್ನು ಒತ್ತಿಕೊಂಡವರಿಗೆ ಮಾತ್ರ ಬರುವ ತೊಂದರೆ ಅದು. ಜ್ವರ ಬಂದವರಿಗೆಲ್ಲ ಒಂದೇ ಕಷಾಯ ಕೊಡುವ ವೈದ್ಯ ಈ ಕೆಲಸಕ್ಕೆ ಆಗುವುದಿಲ್ಲ.

ಮದ್ದೇ ವಿಷವಾದದ್ದೂ ಉಂಟು. 2023ರ ಡಿಸೆಂಬರಿನಲ್ಲಿ ಡೆಬಿಯನ್ ಎಂಬ ಹೆಸರಾಂತ ಲಿನಕ್ಸ್ ಬಳಗ ತನ್ನ 12.3ನೆಯ ಆವೃತ್ತಿಯನ್ನು ಕಡೆಯ ಗಳಿಗೆಯಲ್ಲಿ ತಡೆಹಿಡಿಯಿತು. ಎಕ್ಸ್ಟ್-4ಕ್ಕಾಗಿ ಹೊಸ ಲಿನಕ್ಸಿನಲ್ಲಿ ಮಾಡಿದ್ದ ಒಂದು ಒಳ್ಳೆಯ ತಿದ್ದುಪಡಿಯನ್ನು ಹಳೆಯ 6.1ನೆಯ ಸಾಲಿಗೂ ತಂದಿದ್ದರು. ಆದರೆ ಆ ತಿದ್ದುಪಡಿ ನಂಬಿಕೊಂಡಿದ್ದ ಮತ್ತೊಂದು ತಿದ್ದುಪಡಿ ಹಳೆಯ ಸಾಲಿನಲ್ಲಿ ಇರಲಿಲ್ಲ. ಕಸಿ ಕಟ್ಟುವವರಿಗೆ ಇದು ಅರ್ಥವಾಗುತ್ತದೆ: ಕೊಂಬೆ ಒಳ್ಳೆಯದೇ, ಬುಡ ಒಪ್ಪಬೇಕಲ್ಲ. ಡೇಟಾ ಕೆಡುತ್ತದೆ ಎಂದು ಗೊತ್ತಾದ ಕೂಡಲೇ ಎಚ್ಚರಿಕೆ ಹೊರಟಿತು. ಮರುದಿನವೇ ಸರಿಪಡಿಸಿದ 12.4 ಬಂತು. ತಪ್ಪು ಎಲ್ಲರೂ ಮಾಡುತ್ತಾರೆ. ತಪ್ಪನ್ನು ಊರ ಮಧ್ಯದ ಕಟ್ಟೆಯ ಮೇಲೆ ಇಟ್ಟು ಇದು ನಮ್ಮದು ಎನ್ನುವವರು ಕಡಿಮೆ.

ಇನ್ನು ಹತಾರಗಳ ಮಾತು. ಕಡತ ವ್ಯವಸ್ಥೆಯ ಜೊತೆಗೇ ಬೆಳೆದು ಬಂದ ಕೆಲವು ಸಲಕರಣೆಗಳಿವೆ. ಡಿಸ್ಕನ್ನು ಹದ ಮಾಡಿಕೊಡುವುದು ಒಂದು, ಹಿಗ್ಗಿಸಿ ಕುಗ್ಗಿಸುವುದು ಇನ್ನೊಂದು. ನನಗೆ ಪ್ರಿಯವಾದದ್ದು ಎಫ್‌ಎಸ್‌ಸಿಕೆ ಎಂಬ ತಪಾಸಣೆಗಾರ. ಸರಪಳಿ ಹಿಡಿದ ಸರ್ವೇಯರನೇ ಅದು. ಎಕ್ಸ್ಟ್ ಬಳಗದಲ್ಲಿ ಅದು ಐದು ಸುತ್ತು ಹಾಕುತ್ತದೆ. ಮೊದಲ ಸುತ್ತಿನಲ್ಲಿ ಪಹಣಿಗಳನ್ನೂ ಅವುಗಳಲ್ಲಿ ನಮೂದಾದ ತುಂಡುಗಳನ್ನೂ ನೋಡುತ್ತದೆ. ಎರಡನೆಯದರಲ್ಲಿ ಹೆಸರಿನ ಪುಸ್ತಕಗಳು. ಮೂರನೆಯದರಲ್ಲಿ ಆ ಪುಸ್ತಕಗಳೆಲ್ಲ ಮೂಲಕ್ಕೆ ಹೋಗಿ ಸೇರುತ್ತವೆಯೇ ಎಂಬ ಪರೀಕ್ಷೆ. ನಾಲ್ಕನೆಯದರಲ್ಲಿ ಒಂದು ಪಹಣಿಗೆ ಎಷ್ಟು ಹೆಸರುಗಳಿವೆ ಎಂಬ ಎಣಿಕೆ. ಐದನೆಯದರಲ್ಲಿ ಖಾಲಿ ಜಾಗದ ನಕ್ಷೆ ತಾಳೆ. ಡಿಸ್ಕಿನ ಮೂಲಪತ್ರವೇ ಹಾಳಾಗಿದ್ದರೂ ದಾರಿಯಿದೆ. ಅದರ ನಕಲುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡದೆ ಬಯಲಿನ ಬೇರೆ ಬೇರೆ ಭಾಗಗಳಲ್ಲಿ ಹೂತಿಟ್ಟಿರುತ್ತಾರೆ: 1, 3, 5, 7, 9, 25, 27, 49 ಹೀಗೆ ಸಾಗುವ ಗುಂಪುಗಳಲ್ಲಿ. ಎಕ್ಸ್ಟ್-4 ಬಂದ ಮೇಲೆ ಸಾಗುವಳಿಯೇ ಆಗದ ಭಾಗಗಳನ್ನು ಗುರುತಿಟ್ಟುಕೊಂಡು ಅಲ್ಲಿ ಅಳೆಯುವುದನ್ನು ಬಿಟ್ಟರು. ಕಾಯುವ ಹೊತ್ತು ಬಹಳ ಕಡಿಮೆಯಾಯಿತು. 2012ರಲ್ಲಿ ಡ್ಯಾರಿಕ್ ವಾಂಗ್ ಅವರ ಕೆಲಸದಿಂದ ಪ್ರತಿ ಲೆಕ್ಕದ ಹಾಳೆಗೂ ಒಂದು ತಾಳೆಯಂಕಿ ಬಂತು. ಹಾಳೆಯಲ್ಲಿ ಒಂದು ಚುಕ್ಕೆ ಅದಲು ಬದಲಾದರೂ ಅಂಕಿ ತಾಳೆಯಾಗುವುದಿಲ್ಲ, ಮೋಸ ತಿಳಿದುಹೋಗುತ್ತದೆ.

ಈ ಸರ್ವೇಯರನಿಗೆ ಪಹಣಿ ಇದ್ದು ಹೆಸರೇ ಇಲ್ಲದ ಕಡತಗಳು ಸಿಗುತ್ತವೆ. ಹೆಸರಿನ ಪುಸ್ತಕ ಹಾಳಾಗಿದೆ, ಒಳಗಿನ ಮಾಲು ಹಾಗೇ ಇದೆ. ಅವನ್ನೆಲ್ಲ ‘ಕಳೆದು ಸಿಕ್ಕವು’ ಎಂಬ ಒಂದು ಫೋಲ್ಡರಿನಲ್ಲಿ ಸಾಲಾಗಿ ಇಡುತ್ತಾನೆ. ಹೆಸರಿಲ್ಲದ್ದರಿಂದ ಅವುಗಳ ನಂಬರನ್ನೇ ಹೆಸರಾಗಿ ಬರೆಯುತ್ತಾನೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ಅಜ್ಜ ನೆನಪಾದರು. ಊರು ಮುಳುಗಿದ ಮೇಲೆ ಜಿಲ್ಲೆಯ ಎಲ್ಲೆಲ್ಲೋ ಕಾಡಿನಂಚಿನಲ್ಲಿ ಜಾಗ ತೋರಿಸಿ ಕೂರಿಸಿದ ಜನ. ಅಂಥವರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಅರವತ್ತು ವರ್ಷ ಕಳೆದರೂ ಪೂರ್ತಿ ಬಗೆಹರಿದಿಲ್ಲ. ಜನ ಇದ್ದಾರೆ, ಸಾಗುವಳಿ ಇದೆ. ಪುಸ್ತಕದಲ್ಲಿ ಹೆಸರಿಲ್ಲ.

ಹೆಸರಿನ ವಿಷಯ ಬಂತಾದ್ದರಿಂದ ಕನ್ನಡಿಗರಿಗೇ ಸಂಬಂಧಪಟ್ಟ ಒಂದು ಹುಳುಕಿನ ಕತೆ ಹೇಳಿ ಮುಗಿಸುತ್ತೇನೆ. ಎಕ್ಸ್ಟ್-4ರಲ್ಲಿ ಕಡತದ ಹೆಸರಿಗೆ 255 ಬೈಟುಗಳ ಮಿತಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೇಕು. ಕೊಂಬು, ಒತ್ತು, ದೀರ್ಘ ಎಲ್ಲಕ್ಕೂ ಪ್ರತ್ಯೇಕ ಎಣಿಕೆ. ಹೊನ್ನೆಮರಡು ಎಂದು ಇಂಗ್ಲಿಷಿನಲ್ಲಿ ಬರೆದರೆ 11 ಬೈಟು, ಕನ್ನಡದಲ್ಲಿ 30. ಅದು ದೊಡ್ಡ ತೊಂದರೆಯಲ್ಲ. ತೊಂದರೆ ಇರುವುದು ಮೊದಲ ಅಕ್ಷರದಲ್ಲಿ. ‘ಹೊ’ ಎಂಬುದರ ಒಕಾರವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆ ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ಕಡತ ವ್ಯವಸ್ಥೆ ಹೆಸರನ್ನು ಓದುವುದಿಲ್ಲ, ಬೈಟುಗಳನ್ನು ಎಣಿಸುತ್ತದೆ. ಹಾಗಾಗಿ ಒಂದೇ ಫೋಲ್ಡರಿನಲ್ಲಿ ಹೊನ್ನೆಮರಡು ಎಂಬ ಎರಡು ಕಡತಗಳು ಅಕ್ಕಪಕ್ಕ ಕೂತಿರಬಹುದು, ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯದು.

ಪಹಣಿಯಲ್ಲಿ ಒಂದು ಬಗೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆಯಾಗಿ ಹೆಸರು ಬರೆಸಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದವರು ಇದನ್ನು ಓದಿ ನಗಬಹುದು.

2019ರಲ್ಲಿ ಲಿನಕ್ಸಿನ 5.2ನೆಯ ಆವೃತ್ತಿಯಲ್ಲಿ, ಬೇಕಾದವರು ಬಳಸಿಕೊಳ್ಳಲಿ ಎಂದು, ಇದಕ್ಕೊಂದು ಪರಿಹಾರ ಬಂತು. ದೊಡ್ಡ ಅಕ್ಷರ, ಸಣ್ಣ ಅಕ್ಷರ ಭೇದ ಮಾಡಬೇಡ, ಒಂದೇ ಅಕ್ಷರದ ಎರಡು ಬರವಣಿಗೆಯನ್ನು ಒಂದೇ ಎಂದು ತಿಳಿ ಎಂಬುದು ಅದರ ಸಾರ. ಅದರಲ್ಲೇ, ಕಣ್ಣಿಗೆ ಕಾಣದ ಚಿಹ್ನೆಗಳನ್ನು ಲೆಕ್ಕಕ್ಕೆ ಹಿಡಿಯಬೇಡ ಎಂಬುದೂ ಸೇರಿತ್ತು. ಕನ್ನಡದಲ್ಲಿ ‘ರಾಜ್‌ಕುಮಾರ್’ ಎಂದು ಜ ಕೆಳಗೆ ಕ ಒತ್ತು ಬಾರದಂತೆ ಬರೆಯಲು ನಾವು ಹಾಕುವುದು ಇಂಥದೇ ಒಂದು ಅದೃಶ್ಯ ಚಿಹ್ನೆ. ಕಾಣದ ಚಿಹ್ನೆಗಳನ್ನು ಹೀಗೆ ಸಾರಾಸಗಟಾಗಿ ಬಿಡುವುದು ತಪ್ಪು ಎಂದು ಆಮೇಲೆ ಗೊತ್ತಾಯಿತು. 2024ರ ಕೊನೆಯಲ್ಲಿ ತಿದ್ದಿದರು. ತಿದ್ದುಪಡಿ ಸರಿಯಾಗಿಯೇ ಇತ್ತು. ಆದರೆ ಹೆಸರನ್ನು ಬೇಗ ಹುಡುಕಲು ಡಿಸ್ಕಿನ ಮೇಲೆ ಒಂದು ಗುರುತಿನಂಕಿ ಬರೆದಿರುತ್ತಾರೆ. ಅದು ಹಳೆಯ, ತಪ್ಪು ಲೆಕ್ಕದ ಪ್ರಕಾರ ಬರೆದದ್ದು. ಹೊಸ, ಸರಿ ಲೆಕ್ಕದಿಂದ ಹುಡುಕಿದರೆ ಅಂಥ ಚಿಹ್ನೆ ಇರುವ ಹಳೆಯ ಕಡತಗಳು ಸಿಗುವುದೇ ಇಲ್ಲ! ಡಿಸೆಂಬರಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರೇ ಆ ತಿದ್ದುಪಡಿಯನ್ನು ಹಿಂದಕ್ಕೆ ತೆಗೆದರು. ಹಳೆಯ ಕ್ರಮ ತಪ್ಪು ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಆ ತಪ್ಪನ್ನು ನಂಬಿ ಜನ ಆಗಲೇ ಬರೆದಿಟ್ಟಿದ್ದಾರೆ, ಅವರ ಕಡತ ಕಣ್ಮರೆಯಾಗಬಾರದು ಎಂದು.

ಈ ನಿರ್ಧಾರ ನನಗೆ ಬಹಳ ಹಿಡಿಸಿತು. ಸರಿಪಡಿಸುತ್ತೇವೆ ಎಂದು ಹೊರಟವರು, ಹಳೆಯ ಲೆಕ್ಕದ ಮೇಲೆ ಮನೆ ಕಟ್ಟಿಕೊಂಡವರ ಗತಿ ಏನು ಎಂದು ಒಂದು ಗಳಿಗೆ ನಿಂತು ಕೇಳಿದರಲ್ಲ. ಕಾಗದದ ಮೇಲೆ ಸರಿಯಿದ್ದ ಎಷ್ಟೋ ಯೋಜನೆಗಳು ಆ ಒಂದು ಗಳಿಗೆ ನಿಲ್ಲದೆ ಮುಂದೆ ಹೋದದ್ದನ್ನು ನಮ್ಮ ಹೊಳೆಯ ಸೀಮೆಯವರು ಕಂಡಿದ್ದಾರೆ.

ನನ್ನ ನಲವತ್ತೆರಡು ಪುಟದ ಕತೆ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಮರುವರ್ಷ ಬೇಸಿಗೆಯಲ್ಲಿ ಅಜ್ಜನ ಹತ್ತಿರ ಮತ್ತೆ ಹೋದೆ. ಹೋದದ್ದು ಹೇಗೆ ಹೋಯಿತು ಎಂದು ವಿವರಿಸಿದೆ. ಕಿರ್ದಿ, ಜಗಲಿ, ಉಗ್ರಾಣ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಅಂತೂ ನಿಮ್ಮ ಪೆಟ್ಟಿಗೆಯಲ್ಲೂ ಮುಳುಗಡೆ ಆಯ್ತು ಅನ್ನಿ’ ಎಂದರು. ಆಮೇಲೆ ತೋಟದ ಕತೆ ಹೇಳಿದರು, ದೇವಸ್ಥಾನದ ಕತೆ ಹೇಳಿದರು. ಗದ್ದೆಗಳ ಹೆಸರಿಗೆ ಬಂದಾಗ ಒಂದು ಎಂಟು ಹತ್ತು ಹೇಳಿ ನಿಲ್ಲಿಸಿದರು. ಹಿಂದಿನ ಸಲ ಇಪ್ಪತ್ತಕ್ಕೂ ಮಿಕ್ಕಿ ಹೇಳಿದ್ದರು. ಬಹಳ ಹೊತ್ತು ನೀರು ನೋಡುತ್ತ ಕೂತಿದ್ದು, ‘ಉಳಿದದ್ದು ಬರುತ್ತಿಲ್ಲ ಮಾರಾಯರೆ’ ಎಂದರು. ಅವರು ಈಗಿಲ್ಲ.

ಆ ಎಂಟು ಹತ್ತು ಹೆಸರುಗಳನ್ನು ಈಗ ಮೂರು ಕಡೆ ಇಟ್ಟಿದ್ದೇನೆ. ಒಂದು ಮನೆಯ ಕಂಪ್ಯೂಟರಿನಲ್ಲಿ, ಒಂದು ಬೆಂಗಳೂರಿನಲ್ಲಿ ಅಳಿಯನ ಹತ್ತಿರ. ಮೂರನೆಯದು ನೂರು ಪುಟದ ನೋಟುಬುಕ್ಕಿನಲ್ಲಿ, ಪೆನ್ಸಿಲಿನಲ್ಲಿ ಬರೆದು ಬತ್ತದ ಪಣತದ ಪಕ್ಕದ ಗೂಡಿನಲ್ಲಿದೆ. ಎಕ್ಸ್ಟ್-4 ಈಗ ಎಷ್ಟೋ ಸುಧಾರಿಸಿದೆ, ನಂಬಬಹುದು ಎಂದು ಅಳಿಯ ಹೇಳುತ್ತಾನೆ. ನಾನೂ ನಂಬುತ್ತೇನೆ. ಆದರೂ ಮಿಂಚು ಹೊಡೆದರೆ ಕಾಫಿ ಆರಿದರೂ ಪರವಾಗಿಲ್ಲ ಎಂದು, ಉಳಿಸು ಒತ್ತಿದ ಮೇಲೆ ಒಂದು ನಿಮಿಷ ಅಲ್ಲೇ ಕೂತಿರುತ್ತೇನೆ.